ಉಸುಕಿನ ಮೇಲಿನ ತತ್ತಿ

ಹೊಳೆಗೆ ನೀರು ಬಿಡುತ್ತಾರಂತೆ ಎಂಬ ಸುದ್ದಿ ಬಂದಾಗ ಹೇಮಾವತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ತಂದವನು ಕ್ಯಾಂಪಿನ ಯಜಮಾನ ಅಬ್ದುಲರೌಫ. ಅಣೆಕಟ್ಟಿನ ಗೇಟು ಎತ್ತುತ್ತಾರೆ, ಹೊಳೆಯ ದಂಡೆಯ ಜನ ಎತ್ತರದ ಜಾಗಕ್ಕೆ ಹೋಗಬೇಕು ಎಂದು ಫೋನಿಗೆ ಬಂದದ್ದನ್ನು ಅವನು ನಿಂತಲ್ಲೇ ಓದಿದ. ಯಾರೂ ಗಾಬರಿಯಾಗಬೇಡಿರೆಂದು ಮೊದಲು ಹೇಳಿದ, ಆಮೇಲೆ ತಾನೇ ಗಾಬರಿಯಾದ.

ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿದ್ದ ಹುಲಿಗವ್ವ ತಲೆ ಎತ್ತಲಿಲ್ಲ. ಕ್ಯಾಂಪಿನ ಅಡುಗೆಯಲ್ಲಿ ಅವಳೇ ಹಿರಿಯಳು, ಮಾತಿನಲ್ಲೂ.

"ಹೋದ ವರ್ಷಾನೂ ಹಿಂಗ ಬಂದಿತ್ತು ತಗೋ ರೌಫಾ," ಎಂದಳು. "ಗಂಟು ಕಟ್ಟಿಕೊಂಡು ಕುಂತಿದ್ದೇ ಬಂತು. ಹೊಳಿ ನಮ್ಮ ಮಾರಿ ತೊಳಿಯುವಷ್ಟೂ ಬರಲಿಲ್ಲ."

ರೌಫ ನಗಲಿಲ್ಲ. ಓಬಳೆಪ್ಪ ಕಾಕಾನನ್ನು ಕೇಳಬೇಕು ಎಂದುಕೊಂಡು ಹುಣಸೆಮರದ ಕಡೆ ನಡೆದ. ಓಬಳೆಪ್ಪ ಎಂದರೆ ಹೇಮಾವತಿಯ ಅಪ್ಪ.

ಹುಣಸಿಗಡ್ಡಿ ತುಂಗಭದ್ರೆಯ ನಡುವೆ ಉದ್ದಕ್ಕೆ ಮಲಗಿದ ನಡುಗಡ್ಡೆ. ತಲೆಯ ಕಡೆ ಎತ್ತರ, ಬಂಡೆಗಳು, ಹುಣಸೆಮರಗಳು. ನಡುವೆ ಭತ್ತದ ಗದ್ದೆ. ಕಾಲಿನ ಕಡೆ ಇಳಿಜಾರು, ಅದರ ಕೊನೆಗೆ ಅಂಬಿಗರ ಮನೆಗಳಿರುವ ತಗ್ಗಿನ ಓಣಿ. ಓಣಿ ದಾಟಿದರೆ ಮೊಣಕಾಲುದ್ದ ನೀರಿನ ಒಂದು ಸಣ್ಣ ಸೆಳವು, ಅದರಾಚೆ ಬರಿಯ ಉಸುಕಿನ ದಿಬ್ಬ. ರೌಫ ಗಂಗಾವತಿಯವನು. ಮೊದಲು ವಿರೂಪಾಪುರಗಡ್ಡೆಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದ. ಒಮ್ಮೆ ಕಾರವಾರದ ಕಡೆ ಹೋದವನು, ಸಮುದ್ರದ ನಡುಗಡ್ಡೆಯಲ್ಲಿ ಜನ ಟೆಂಟು ಹಾಕಿಕೊಂಡು ಮಲಗಿ, ಬೆಳಗಾದರೆ ದುರ್ಬೀನು ಹಿಡಿದು ಹಕ್ಕಿ ನೋಡುವುದನ್ನು ಕಂಡು ಬಂದ. ಬಂದವನಿಗೆ ನಿದ್ದೆ ಹತ್ತಲಿಲ್ಲ. ಸಮುದ್ರ ನಮ್ಮಲ್ಲಿ ಇಲ್ಲದಿದ್ದರೇನು, ಹೊಳೆ ಇದೆ, ನಡುಗಡ್ಡೆ ಇದೆ, ಹಕ್ಕಿಗಳಂತೂ ಕರೆಯದೆ ಬರುತ್ತವೆ ಎಂದು ಹುಣಸಿಗಡ್ಡಿಯ ಎತ್ತರದ ನೆಲವನ್ನು ಹಿಡಿದ. ಬಣ್ಣದ ಟೆಂಟುಗಳು ಎದ್ದವು. ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿಯಿಂದ ಜನ ಬರತೊಡಗಿದರು. ಬಂದವರಿಗೆಲ್ಲ ರೌಫ ಒಂದು ಮಾತು ಹೇಳುತ್ತಿದ್ದ. ಸಮುದ್ರದ ನೀರು ಏರುವುದಕ್ಕೆ ಇಳಿಯುವುದಕ್ಕೆ ಚಾರ್ಟು ಇರುತ್ತದೆ, ನಮ್ಮ ಹೊಳೆಗೆ ಓಬಳೆಪ್ಪ ಕಾಕಾನೇ ಚಾರ್ಟು.

ಅದು ಬರಿಯ ತಮಾಷೆಯಾಗಿರಲಿಲ್ಲ. ಕಾರಹುಣ್ಣಿಮೆ ಕಳೆದ ಮೇಲೆ ಅಂಬಿಗರ ಹಿರಿಯನೊಬ್ಬ ಉಸುಕಿನ ಮೇಲೆ ನಡೆದು ಟಿಟ್ಟಿಭ ಹಕ್ಕಿ ಎಲ್ಲಿ ತತ್ತಿ ಇಟ್ಟಿದೆ ಎಂದು ಹುಡುಕುವುದು ಹುಣಸಿಗಡ್ಡಿಯ ವಾಡಿಕೆ. ಅದು ಗೂಡು ಕಟ್ಟುವ ಹಕ್ಕಿಯಲ್ಲ, ಬರಿಯ ನೆಲದ ಮೇಲೆ ಹರಳುಗಳ ನಡುವೆ ಹರಳಿನ ಬಣ್ಣದ್ದೇ ತತ್ತಿ ಇಡುತ್ತದೆ. ಕಂಡ ಮೇಲೆ ಹಿರಿಯ ಪಕ್ಕದ ಕಲ್ಲಿಗೆ ಭಂಡಾರ ಹಚ್ಚಿ, ಒಂದು ಚಿಟಿಕೆ ಎಡೆ ಇಟ್ಟು, ನೀರಿನಂಚಿನಿಂದ ತತ್ತಿಯ ತನಕ ಎಷ್ಟು ಹುಟ್ಟಿನುದ್ದವೆಂದು ಹರಗೋಲಿನ ಹುಟ್ಟಿನಿಂದ ಅಳೆಯುತ್ತಾನೆ. ಹಕ್ಕಿ ಮೇಲೆ ಇಟ್ಟರೆ ಹೊಳೆ ಮೇಲೆ ಬರುತ್ತದೆ, ತಗ್ಗಿನ ಓಣಿಯವರು ಗಂಟು ಮೂಟೆ, ಆಡು ಕುರಿ ಕಟ್ಟಿಕೊಂಡು ಎತ್ತರಕ್ಕೆ ಹೋಗಬೇಕು. ಕೆಳಗೆ ಇಟ್ಟರೆ ಕಾಲು ಚಾಚಿ ಮಲಗಬಹುದು. ತತ್ತಿಯನ್ನು ಮಾತ್ರ ಮುಟ್ಟುವಂತಿಲ್ಲ. ತತ್ತಿ ಮುಟ್ಟಿದವರ ಮನಿ ಹೊಳಿ ಮುಟ್ತೈತಿ ಎಂದು ಸಣ್ಣ ಮಕ್ಕಳಿಗೂ ಬಾಯಿಪಾಠ. ಓಬಳೆಪ್ಪನ ಅಪ್ಪ ನೋಡುತ್ತಿದ್ದ, ಅವನ ಅಜ್ಜ ನೋಡುತ್ತಿದ್ದ, ಈಗ ಓಬಳೆಪ್ಪ. ಇದುವರೆಗೆ ಅವನ ಮಾತು ಹುಸಿ ಹೋದದ್ದಿಲ್ಲ.

ಈ ವರ್ಷ ತತ್ತಿಗಳು ದಿಬ್ಬದ ಕಟ್ಟಕಡೆಯ ಅಂಚಿನಲ್ಲಿದ್ದವು. ನೀರಿಗೂ ಅವಕ್ಕೂ ನಡುವೆ ಒಂದು ಹುಟ್ಟಿನಷ್ಟೂ ಜಾಗವಿರಲಿಲ್ಲ. ಅಷ್ಟು ಕೆಳಗೆ ಇಟ್ಟದ್ದನ್ನು ತಾನು ಕಂಡೇ ಇಲ್ಲವೆಂದು ಓಬಳೆಪ್ಪ ಓಣಿಯ ನಡುವೆ ನಿಂತು ಹೇಳಿದ್ದ. ಮರಿ ಎದ್ದು ಓಡಾಡುವ ತನಕ ಹೊಳೆ ಅಲ್ಲಾಡುವುದಿಲ್ಲ ಎಂದಿದ್ದ. ಪುನರ್ವಸು ಮಳೆಯ ಒಂದು ಹನಿಯೂ ಬಿದ್ದಿರಲಿಲ್ಲ, ಆಕಾಶ ತಿಕ್ಕಿಟ್ಟ ತಾಟಿನ ಹಾಗಿತ್ತು. ಯಾರು ನಂಬದೆ ಇದ್ದಾರು?

ನಂಬದೆ ಇದ್ದವಳು ಹೇಮಾವತಿ ಒಬ್ಬಳೇ. ಅವಳು ಬೇರೆಯದೊಂದನ್ನು ನೋಡಿದ್ದಳು.

ಏಳನೇ ತರಗತಿಗೆ ಸಾಲೆ ಬಿಟ್ಟವಳು ಅವಳು. ನಾಲ್ಕು ಜನರ ನಡುವೆ ಬಾಯಿ ಬಿಡುವುದೆಂದರೆ ಅವಳಿಗೆ ಆಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದವರ ಕಣ್ಣು ತೆರೆದೇ ಇರುತ್ತದೆ. ಕ್ಯಾಂಪಿನಲ್ಲಿ ಯಾವ ಅತಿಥಿ ಉಪ್ಪು ಕಡಿಮೆ ತಿನ್ನುತ್ತಾನೆ, ಯಾವ ಗಂಡಹೆಂಡತಿ ರಾತ್ರಿ ಜಗಳವಾಡಿ ಬೆಳಿಗ್ಗೆ ನಗುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಹಾಗೆಯೇ ಒಂದು ದಿನ ಪಾತ್ರೆ ತೊಳೆದ ನೀರು ಚೆಲ್ಲಲು ಹೋದಾಗ ಎತ್ತರದ ಬಯಲಿನಲ್ಲಿ, ಬಂಡೆಯ ಬದಿಗೆ, ಟಿಟ್ಟಿಭದ ತತ್ತಿಗಳನ್ನು ಕಂಡಳು. ಯಾರೂ ತುಳಿಯದಿರಲೆಂದು ಸುತ್ತ ಕಲ್ಲಿಟ್ಟು ಬಂದಳು. ಅದೇ ವಾರ ಅತಿಥಿಗಳು ಹೆಚ್ಚಾಗಿ ಹೊಸ ಟೆಂಟು ಅಲ್ಲಿಗೇ ಬಂತು. ಮರುದಿನ ನೋಡಿದರೆ ಕಲ್ಲು ಚೆಲ್ಲಾಪಿಲ್ಲಿ, ಟೆಂಟಿನ ಹಗ್ಗದ ಗೂಟದ ಬುಡದಲ್ಲಿ ತತ್ತಿಯ ಲೋಳೆಗೆ ಇರುವೆ ಮುತ್ತಿತ್ತು. ಹಕ್ಕಿ ಜೋಡಿ ಎರಡು ದಿನ ಟೆಂಟುಗಳ ಮೇಲೆ ಕಿರುಚುತ್ತ ಸುತ್ತಿ ಆಮೇಲೆ ಕಾಣಲಿಲ್ಲ. ಉಸುಕಿನ ದಿಬ್ಬದಲ್ಲಿ ತತ್ತಿ ಕಂಡದ್ದು ಅದಾದ ಮೇಲೆ.

ಹಕ್ಕಿ ಕೆಳಗೆ ಇಟ್ಟದ್ದು ಹೊಳೆಯನ್ನು ನೋಡಿ ಅಲ್ಲ, ಮೇಲೆ ಜಾಗವಿಲ್ಲದ್ದಕ್ಕೆ.

ರೌಫ ಹುಣಸೆಮರದ ಬುಡದಿಂದ ಮರಳಿ ಬಂದಾಗ ಅವನ ಮುಖ ಹಗುರವಾಗಿತ್ತು. ಹಿಂದೆಯೇ ಓಬಳೆಪ್ಪ ಬಂದು ಒಲೆಯ ಬದಿಗೆ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿದ. ಫೋನಿನ ಮಾತು ಕೇಳಿ ಅವನಿಗೆ ಸಿಟ್ಟಿಗಿಂತ ಹೆಚ್ಚು ನೋವಾಗಿತ್ತು. ಅಲ್ಲಿ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತವರಿಗೆ ಹೊಳೆಯ ಹೊಟ್ಟೆ ಗೊತ್ತೋ, ಹೊಳೆಯ ಮೇಲೆ ಹುಟ್ಟಿದ ಹಕ್ಕಿಗೆ ಗೊತ್ತೋ ಎಂದು ಯಾರನ್ನೂ ಕೇಳದೆ ಕೇಳಿದ. ಕುಷ್ಟಗಿಯಿಂದ ಬಂದ ನಾಹೀದಾ ಮೇಡಮ್ಮಿಗೆ ಸಂಜೆ ಉಸುಕಿನ ದಿಬ್ಬ ತೋರಿಸುವ ಮಾತು ಕೊಟ್ಟಿದ್ದೇನೆ, ಕರೆದುಕೊಂಡು ಹೋಗಿಯೇ ಹೋಗುತ್ತೇನೆ ಎಂದ. ನಾಹೀದಾ ಸಾಲೆಯ ಟೀಚರು. ಒಬ್ಬಳೇ ಬಂದಿದ್ದಳು, ಹಕ್ಕಿ ಕಂಡರೆ ಉಸಿರು ಬಿಗಿಹಿಡಿದು ನಿಲ್ಲುವಂಥವಳು.

ಹೇಮಾವತಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಹುಲಿಗವ್ವ ನೀರಿಗೆ ಹೋಗುವ ತನಕ ಕಾದಳು.

"ಯಪ್ಪಾ," ಎಂದಳು. "ಆ ಹಕ್ಕಿ ಮೊದಲ ಮ್ಯಾಲ ಇಟ್ಟಿತ್ತು. ಟೆಂಟಿನ ಜಾಗದಾಗ. ಒಡದು ಹೋದ್ವು. ಅದಕ್ಕ ಕೆಳಗ ಹೋಗೈತಿ."

ಓಬಳೆಪ್ಪ ಬೀಡಿಯ ಹೊಗೆ ಬಿಟ್ಟ.

"ನೀನು ನೋಡಿದಿ?"

"ಹೂಂ."

"ಟಿಟ್ಟಿಭದ್ದೇ ಅಂತ ಹೆಂಗ ಗೊತ್ತು? ಬೆಳವನ ತತ್ತೀನೂ ಇರಬೌದು, ಪುರಲಿ ತತ್ತೀನೂ ಇರಬೌದು." ಅವನು ಎದ್ದ. "ಊರ ಮಂದಿ ಎಲ್ಲಾ ನಂಬ್ಯಾರ. ಮನ್ಯಾಗಿನ ಮಗಳಿಗೆ ಸಂಶೆ. ಛಲೋ ಆತು."

ಹೇಮಾವತಿ ಮತ್ತೊಂದು ರೊಟ್ಟಿ ಹಂಚಿಗೆ ಹಾಕಿದಳು. ಬೆಳವ ನೆಲದ ಮೇಲೆ ತತ್ತಿ ಇಡುವುದಿಲ್ಲ ಎಂಬುದು ಅಪ್ಪನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಓಬಳೆಪ್ಪ ಹರಗೋಲು ತಲೆಯ ಮೇಲೆ ಹೊತ್ತು ತಗ್ಗಿನ ಓಣಿಯ ಕಡೆ ನಡೆದ. ಹಿಂದೆ ನಾಹೀದಾ, ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಮಡಚಿದ ಹಸಿರು ಪರದೆ. ಹಕ್ಕಿಗೆ ಕಾಣದ ಹಾಗೆ ಅದರ ಮರೆಯಲ್ಲಿ ಕೂರುವುದು. ಹಕ್ಕಿ ಬೆದರದಿರಲೆಂದು ಫೋನು ಪೂರ್ತಿ ಬಂದ್ ಮಾಡಿದ್ದೇನೆ ಎಂದು ಹೇಮಾವತಿಯನ್ನು ನೋಡಿ ನಕ್ಕಳು. ಹೇಮಾವತಿಗೆ ತಿರುಗಿ ನಗಲು ಆಗಲಿಲ್ಲ. ಹೋಗಬೇಡ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಪ್ಪನ ಬೆನ್ನು ಕಂಡು ಹಿಂದೆ ಸರಿಯಿತು.

ಆಮೇಲೆ ಅವಳ ಕೈ ಕೆಲಸದಲ್ಲಿ ನಿಲ್ಲಲಿಲ್ಲ. ಪಾತ್ರೆ ತಿಕ್ಕಲು ಹೊಳೆಯ ಮೆಟ್ಟಿಲಿಗೆ ಇಳಿದಳು. ದಿನಾ ಕೂರುವ ಕಲ್ಲಿನ ಮೇಲೆ ಕೂತಳು, ಪಾದ ನೆನೆಯಿತು. ಬೆಳಿಗ್ಗೆ ಅದೇ ಕಲ್ಲು ಒಣಗಿತ್ತು. ಅವಳು ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು. ಚಹಾದ ಹಾಗೆ ಕೆಂಪಗಿತ್ತು. ಇಲ್ಲಿ ಮಳೆಯಿಲ್ಲ. ಎಲ್ಲೋ ದೂರದ ಘಟ್ಟದ ಮಣ್ಣು ಅದು. ಮೇಲಿನಿಂದ ಅಂತರಗಂಗೆಯ ದೊಡ್ಡ ಹಸಿರು ಚಾಪೆಯೊಂದು ಬೇರುಸಮೇತ ತೇಲಿ ಬಂದು ಅವಳ ಕಣ್ಣೆದುರೇ ತಿರುಗಿ ಹೋಯಿತು. ಒಂದು ಬೋಗುಣಿ ತಿಕ್ಕಿ ತಲೆ ಎತ್ತುವಷ್ಟರಲ್ಲಿ ನೀರು ಅವಳ ಹಿಮ್ಮಡಿ ದಾಟಿತ್ತು.

ಅವಳು ಪಾತ್ರೆಗಳನ್ನು ಅಲ್ಲೇ ಬಿಟ್ಟು ಮೇಲಕ್ಕೆ ಓಡಿದಳು. ರೌಫ ಆಗಲೇ ನಾಹೀದಾಳ ನಂಬರಿಗೆ ಒತ್ತಿ ಒತ್ತಿ ಸಾಕಾಗಿ ನಿಂತಿದ್ದ. ಆಚೆ ದಂಡೆಯಲ್ಲಿ ಯಾರೋ ಡಂಗುರ ಹೊಡೆಯುತ್ತಿದ್ದಾರಂತೆ, ಆಷಾಢದ ಗಾಳಿಗೆ ಒಂದು ಪೆಟ್ಟೂ ಇತ್ತ ಬರುತ್ತಿಲ್ಲ ಎಂದ. ಉಳಿದ ಹರಗೋಲುಗಳೆಲ್ಲ ಆಚೆ ದಂಡೆಯಲ್ಲಿದ್ದವು, ಗಡ್ಡೆಯಲ್ಲಿ ಇದ್ದದ್ದು ಒಂದೇ, ಅದೂ ದಿಬ್ಬದಲ್ಲಿ. ಟೆಂಟಿನಲ್ಲಿದ್ದ ಉಳಿದ ಅತಿಥಿಗಳನ್ನು ಬಂಡೆಯ ಮೇಲಕ್ಕೆ ಹತ್ತಿಸುತ್ತೇನೆ, ನೀನು ಓಣಿಗೆ ಹೋಗಿ ಹೇಳು ಎಂದ. ಹೇಳುವುದು ಅವಳಿಗೆ ಓಡುವುದಕ್ಕಿಂತ ಕಷ್ಟ. ಆದರೂ ಓಡಿದಳು. ಗದ್ದೆಯ ಬದುವಿನ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು, ಎರಡು ಸಲ ಬಿದ್ದು ಎದ್ದು.

ಓಣಿಯ ಬಾಯಲ್ಲೇ ದ್ಯಾಮಣ್ಣನ ಮನೆ. ಅವನು ಕಟ್ಟೆಯ ಮೇಲೆ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಒಳಗೆ ಸೊಸೆ ಲಲಿತಾ ತೊಟ್ಟಿಲು ತೂಗುತ್ತಿದ್ದಳು, ಅವಳ ಗಂಡ ಗಿಣಿಗೇರಾದ ಕಾರಖಾನೆಯ ಪಾಳಿಗೆ ಹೋಗಿದ್ದ.

"ನೀರು ಬರಾಕತ್ತೈತಿ," ಎಂದಳು ಹೇಮಾವತಿ ಏದುಸಿರು ಬಿಡುತ್ತ. "ಮ್ಯಾಲ ನಡೀರಿ ಕಾಕಾ, ಎಲ್ಲಾರೂ."

ದ್ಯಾಮಣ್ಣ ಅವಳನ್ನು ಹುಬ್ಬೇರಿಸಿ ನೋಡಿದ. ಎದುರು ಮನೆಯವರನ್ನು ಕೂಗಿ ಕರೆದ. "ಬರ್ರಿ ಇಲ್ಲಿ, ಓಬಳೆಪ್ಪನ ಮಗಳಿಗೆ ಮಾತು ಬಂದೈತಿ. ಕಾಯಿ ಒಡೀರಿ."

ನಾಲ್ಕು ಜನ ನಕ್ಕರು. ಅವಳು ಬೆರಳು ತೋರಿಸಿ ಸೆಳವಿನ ನೀರು ನೋಡಿರೆಂದಳು. ಅವರು ನೋಡಿದರು. ನೀರು ಹೆಚ್ಚಿದ್ದು ಅವರಿಗೂ ಕಂಡಿತು. ಆದರೆ ಅದರಾಚೆ ಉಸುಕಿನ ದಿಬ್ಬದ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತ ಓಬಳೆಪ್ಪನೂ ಕಂಡ.

"ನಿಮ್ಮಪ್ಪ ಅಲ್ಲೇ ನಿಂತಾನ," ಎಂದ ದ್ಯಾಮಣ್ಣ. "ಹೊಳಿ ಮೊದಲ ಅವನ ಕಾಲು ತೊಳಿಬೇಕು, ಆಮ್ಯಾಲ ನಮ್ಮದು. ಅವ ಎದ್ದು ಬರಲಿ, ನಾವೂ ಏಳೋಣಂತ."

ಹೇಮಾವತಿ ನೀರಿನಂಚಿಗೆ ಹೋಗಿ ಅಪ್ಪನನ್ನು ಕೂಗಿದಳು. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಗಾಳಿ ಅವಳ ಕೂಗನ್ನು ಅವಳ ಬಾಯಿಗೇ ತುರುಕಿತು. ದಿಬ್ಬದ ಮೇಲೆ ಓಬಳೆಪ್ಪ ತಿರುಗಲಿಲ್ಲ. ಅವನ ಕಣ್ಣು ಕೆಳಗಿನ ಅಂಚಿನ ಮೇಲೇ ಇತ್ತು.

ಅಲ್ಲೇ ಒಂದು ಮನೆಯ ಬಾಗಿಲ ಬದಿಗಿದ್ದ ಖಾಲಿ ಎಣ್ಣೆ ಡಬ್ಬಿಯನ್ನು ಎತ್ತಿ ಅದರ ಮುಚ್ಚಳ ಬಿಗಿದು, ಅದನ್ನು ಎದೆಗೆ ಅವಚಿಕೊಂಡು ಅವಳು ನೀರಿಗಿಳಿದಳು. ಹಿಂದೆ ಲಲಿತಾ ಬಾಗಿಲಿಗೆ ಬಂದು ಹೇಮಕ್ಕಾ ಎಂದು ಕೂಗಿದ್ದು ಕೇಳಿಸಿತು. ಬೆಳಿಗ್ಗೆ ಮೊಣಕಾಲಿಗಿದ್ದ ಸೆಳವು ನಾಲ್ಕು ಹೆಜ್ಜೆಗೆ ಸೊಂಟಕ್ಕೆ ಬಂತು, ಮುಂದೆ ಎದೆಗೆ. ಕಾಲ ಕೆಳಗಿನ ಉಸುಕು ಬೆರಳಿನ ಸಂದಿಯಿಂದ ಓಡಿಹೋಗುತ್ತಿತ್ತು. ಒಂದು ಗಳಿಗೆ ನೆಲ ಸಿಗಲಿಲ್ಲ. ಡಬ್ಬಿ ಅವಳನ್ನು ಎತ್ತಿ ಹಿಡಿಯಿತು, ನೀರು ಅಡ್ಡಕ್ಕೆ ಎಳೆಯಿತು. ಬಾಯಿಗೆ ಮಣ್ಣಿನ ರುಚಿ ಬಂತು. ಸತ್ತೆ ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗಲೇ ಮೊಣಕಾಲು ಉಸುಕಿಗೆ ತಾಗಿತು.

ಸೆಳವಿನ ಕಡೆಯಿಂದ ದಿಬ್ಬ ಅರ್ಧಕ್ಕರ್ಧ ಕರಗಿತ್ತು. ಹಸಿರು ಪರದೆಯನ್ನು ಗಾಳಿ ಕಿತ್ತು ಬಿಸಾಕಿತ್ತು. ನಾಹೀದಾ ಚೀಲವನ್ನು ಎದೆಗೆ ಅಪ್ಪಿಕೊಂಡು ಹರಗೋಲಿನ ಪಕ್ಕ ನಿಂತಿದ್ದಳು, ಅವಳ ತುಟಿ ಬಿಳಚಿತ್ತು. ಹೋಗೋಣ ಎಂದು ಆಗಲಿಂದ ಹೇಳುತ್ತಿದ್ದೇನೆ, ಕಾಕಾ ಒಪ್ಪುತ್ತಿಲ್ಲ ಎಂದು ಹೇಮಾವತಿಯ ತೋಳು ಹಿಡಿದಳು.

ಓಬಳೆಪ್ಪ ಆಚೆಯ ಅಂಚಿನ ಹತ್ತಿರ, ಉಸುಕು ಇನ್ನೂ ಏರಾಗಿ ಉಳಿದಲ್ಲಿ, ಕಂಬದ ಹಾಗೆ ನಿಂತಿದ್ದ. ಅವನ ಮುಂದೆ ಟಿಟ್ಟಿಭ ತತ್ತಿಗಳ ಮೇಲೆ ಕೂತಿತ್ತು. ನೀರು ಹಕ್ಕಿಯಿಂದ ಒಂದು ಗೇಣು ದೂರದಲ್ಲಿ ನಾಲಿಗೆ ಚಾಚಿ ಹಿಂದೆ ಹೋಗುತ್ತಿತ್ತು, ಮತ್ತೆ ಬರುವಾಗ ಬೆರಳಷ್ಟು ಮುಂದೆ ಬರುತ್ತಿತ್ತು. ಹಕ್ಕಿ ಕತ್ತು ಎತ್ತಿ ನೋಡಿತು, ಏಳಲಿಲ್ಲ.

"ಯಪ್ಪಾ, ನಡಿ."

"ಹಕ್ಕಿ ಎದ್ದಿಲ್ಲ," ಎಂದ ಓಬಳೆಪ್ಪ. ಅವಳು ಹೇಗೆ ಬಂದಳೆಂದು ಕೂಡ ಕೇಳಲಿಲ್ಲ. "ಅದು ಕುಂತೈತಿ ಅಂದ್ರ ನೀರು ಇಲ್ಲೇ ನಿಲ್ತೈತಿ. ನೋಡತಿರು."

ಅವನ ದನಿಯಲ್ಲಿ ಹಟವಿರಲಿಲ್ಲ. ಅದೇ ಅವಳನ್ನು ಹೆದರಿಸಿತು. ಹಟಮಾರಿಯನ್ನು ಬೈಯಬಹುದು, ಎಳೆಯಬಹುದು. ಅವನು ಬೇಡಿಕೊಳ್ಳುತ್ತಿದ್ದ. ಹಕ್ಕಿಯನ್ನೋ, ಹೊಳೆಯನ್ನೋ, ಸತ್ತುಹೋದ ತನ್ನ ಅಪ್ಪನನ್ನೋ. ಹಕ್ಕಿ ಅಲ್ಲಿ ಕೂತಿರುವ ತನಕ ಅವನು ಕದಲುವುದಿಲ್ಲ. ಅವನು ಕದಲದ ತನಕ ಓಣಿಯಲ್ಲಿ ಯಾರೂ ಏಳುವುದಿಲ್ಲ. ಹಕ್ಕಿ ಏಳುವುದು ಅದರ ಹೊಟ್ಟೆಯ ಕೆಳಗೆ ನೀರು ಬಂದಾಗ. ಅಷ್ಟು ಹೊತ್ತಿಗೆ ಓಣಿಯ ಮನೆಗಳ ಹೊಸ್ತಿಲು ಮುಳುಗಿರುತ್ತದೆ.

ಅವಳು ಅಪ್ಪನನ್ನು ದಾಟಿ ಮುಂದೆ ಹೋದಳು. ಹಕ್ಕಿ ಚೀರಿ ಮೇಲಕ್ಕೆ ಹಾರಿತು. ನಾಲ್ಕು ತತ್ತಿಗಳು, ಹರಳಿನ ಬಣ್ಣದವು, ಮೊನೆ ಒಳಗೆ ಮಾಡಿ ಹೂವಿನ ಹಾಗೆ ಕೂಡಿಟ್ಟಿದ್ದವು. ಅವಳು ಬಗ್ಗಿ ಅವನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು. ಬೆಚ್ಚಗಿದ್ದವು.

ಹಕ್ಕಿ ಅವಳ ನೆತ್ತಿಯ ಮೇಲೆ ಎರಗಿ ಎರಗಿ ಕಿರುಚಿತು. ಓಬಳೆಪ್ಪ ಹುಟ್ಟು ಎತ್ತಿದ. ಹೊಡೆದೇ ಬಿಡುತ್ತಾನೆಂದು ನಾಹೀದಾ ಅಡ್ಡ ಬಂದಳು. ಹುಟ್ಟು ಮೇಲೆಯೇ ನಿಂತಿತು, ಆಮೇಲೆ ತಾನಾಗಿ ಕೆಳಗಿಳಿಯಿತು.

"ಮುಟ್ಟಿದಿ," ಎಂದ. "ನಮ್ಮ ಮನಿ ಹೊಳಿಗೆ ಕೊಟ್ಟಿ."

"ಮನಿ ಆಗಲೇ ಹೊಂಟೈತಿ ಯಪ್ಪಾ. ತಿರುಗಿ ನೋಡು."

ಅವನು ತಿರುಗಿದ. ಸೆಳವು ಇದ್ದ ಜಾಗದಲ್ಲಿ ಹೊಳೆ ಇತ್ತು. ಅದರಾಚೆ ಓಣಿಯ ಕಟ್ಟಕಡೆಯ ಮನೆಯ, ಅವನದೇ ಮನೆಯ, ಹಿತ್ತಲಿನ ಬೇಲಿ ನೀರಿನಲ್ಲಿ ನಿಂತು ನಡುಗುತ್ತಿತ್ತು. ಓಬಳೆಪ್ಪ ಅದನ್ನು ಪರರ ಮನೆಯನ್ನು ನೋಡುವ ಹಾಗೆ ನೋಡಿದ. ಆಮೇಲೆ ಹರಗೋಲನ್ನು ನೀರಿಗೆ ತಳ್ಳಿದ.

ಹರಗೋಲು ಬುಗುರಿಯ ಹಾಗೆ ತಿರುಗಿತು. ನಾಹೀದಾ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ಹೇಮಾವತಿ ಬರಿಗೈಯಲ್ಲಿ ನೀರು ಗೋರಿ ಹಾಕಿದಳು. ಓಬಳೆಪ್ಪ ಮಾತ್ರ ಮಂಡಿಯೂರಿ, ನೀರಿನ ಎದುರಿಗೆ ಹೋಗದೆ, ಅದರ ಜೊತೆಗೂ ಹೋಗದೆ, ಓರೆಯಾಗಿ ಹುಟ್ಟು ಹಾಕಿದ. ಅವನ ತೋಳಿಗೆ ಹೊಳೆ ಇನ್ನೂ ಗೊತ್ತಿತ್ತು. ಓಣಿಯ ಕೆಳಗಿನ ದಂಡೆಗೆ ಹರಗೋಲು ಧಡ್ ಎಂದು ಬಡಿದಾಗ ಹೇಮಾವತಿ ಮುಗ್ಗರಿಸಿ ಬಿದ್ದಳು. ಸೆರಗಿನಲ್ಲಿ ಬಿಸಿಯಾಗಿ ಏನೋ ಹರಿಯಿತು. ಬಿಚ್ಚಿ ನೋಡಲಿಲ್ಲ.

ಓಬಳೆಪ್ಪ ಇಳಿದವನೇ ಓಣಿಯ ನಡುವೆ ನಿಂತ. ಎಲ್ಲರಿಗೂ ಮೇಲೆ ಹೋಗಿರೆಂದ. ತನ್ನ ಮಾತು ಹುಸಿಯಾಯಿತು, ಹಕ್ಕಿಯನ್ನು ತಾನು ತಪ್ಪು ಓದಿದೆ ಎಂದ. ಒಮ್ಮೆ ಹೇಳಿದ, ಎರಡು ಸಲ ಹೇಳಿದ. ಮನೆಮನೆಯ ಬಾಗಿಲಲ್ಲಿ ನಿಂತು ಕೈಮುಗಿದು ಹೇಳಿದ. ಯಾರೂ ಅಲ್ಲಾಡಲಿಲ್ಲ. ಅವರ ಮುಖದಲ್ಲಿ ಹೆದರಿಕೆಗಿಂತ ಕನಿಕರವೇ ಹೆಚ್ಚಿತ್ತು. ಮೈಯೆಲ್ಲ ತೊಯ್ದು ನಡುಗುತ್ತಿದ್ದ ಮುದುಕನನ್ನು ಕಂಡು ಒಬ್ಬಳು ಒಣ ಟವೆಲು ತಂದುಕೊಟ್ಟಳು.

"ನೀನ ಹೇಳಿದ್ದಲ್ಲ ಮಾವಾ, ಮರಿ ಎದ್ದು ಓಡ್ಯಾಡೋ ತನಕಾ ಹೊಳಿ ಅಲ್ಲಾಡಂಗಿಲ್ಲಂತ," ಎಂದ ದ್ಯಾಮಣ್ಣ. "ನೀನು ಯಾವಾಗ ಸುಳ್ಳ ಹೇಳೀಯ? ಫೋನಿನವರು ನಿನ್ನ ತಲಿ ಕೆಡಿಸ್ಯಾರ. ಕುಂದ್ರು, ಚಾ ಕುಡಿ."

"ಸುಳ್ಳ ಹೇಳೇನಿ. ಈಗ ಹೇಳಾಕತ್ತೇನಿ, ಸುಳ್ಳ ಹೇಳೇನಿ."

"ಅವಾಗ ಖರೇ ಹೇಳಿದಿ, ಈಗ ಸುಳ್ಳ ಹೇಳಾಕತ್ತಿ," ಎಂದು ಯಾರೋ ಅಂದರು. ನಗೆ ಎದ್ದಿತು, ಎದ್ದಷ್ಟೇ ಬೇಗ ಅಡಗಿತು. ಯಾಕೆಂದರೆ ಕೆಳಗಿನ ಮನೆಯ ಗೋಡೆ ಕುಸಿದ ಸಪ್ಪಳ ಎಲ್ಲರಿಗೂ ಕೇಳಿಸಿತ್ತು. ಆದರೂ ಕಾಲುಗಳು ಕಿತ್ತು ಬರಲಿಲ್ಲ. ಅದು ಹಳೆಯ ಗೋಡೆ, ಹಿಂದೆಯೂ ಬಿರುಕು ಬಿಟ್ಟಿತ್ತು ಎಂದರು. ಕಾಳಿನ ಗಡಿಗೆ, ಒಣಹಾಕಿದ ಮೀನು, ಈಯಲಿರುವ ಆಡು, ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು. ಓಬಳೆಪ್ಪ ದ್ಯಾಮಣ್ಣನ ಕಾಲು ಹಿಡಿಯಲು ಬಗ್ಗಿದ. ಹಿರಿಯರು ಕಾಲು ಹಿಡಿಯಬಾರದೆಂದು ದ್ಯಾಮಣ್ಣ ಹಿಂದೆ ಸರಿದ. ಅಪ್ಪ ಕೆಸರಿನಲ್ಲಿ ಕೈಯೂರಿ ಹಾಗೇ ಕೂತುಬಿಟ್ಟದ್ದನ್ನು ಹೇಮಾವತಿ ನೋಡಿದಳು. ಅವನ ಬೆರಳುಗಳ ನಡುವಿನಿಂದ ಕೆಂಪು ನೀರು ಮೆಲ್ಲಗೆ ಮೇಲೆ ಬರುತ್ತಿತ್ತು. ನೀರು ಓಣಿಯೊಳಗೆ ಬಂದಿತ್ತು, ಇನ್ನೂ ಯಾರೂ ಕೆಳಗೆ ನೋಡಿರಲಿಲ್ಲ.

ಅವಳು ಏನಾದರೂ ಹೇಳಬೇಕಿತ್ತು. ಬಾಯಿ ತೆರೆದಳು, ಮತ್ತೆ ತನ್ನ ಕಡೆ ತಿರುಗಿದ ಮುಖಗಳು. ಅಪ್ಪನ ಮಾತನ್ನೇ ಕೇಳದವರು ಅವಳ ಮಾತು ಕೇಳುತ್ತಾರೆಯೇ?

ಹೇಮಾವತಿ ದ್ಯಾಮಣ್ಣನನ್ನು ದಾಟಿ ಅವನ ಮನೆಯೊಳಗೆ ಹೋದಳು. ಒಳಗೆ ಮಬ್ಬುಗತ್ತಲು. ಲಲಿತಾ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಹಿಡಿದು ಹೊರಗಿನ ಮಾತಿಗೆ ಕಿವಿಗೊಟ್ಟು ಕೂತಿದ್ದಳು. ಬಂದವಳು ನೀರು ಕೇಳಲು ಬಂದಳೆಂದು ತಿಳಿದು ಏಳಹೋದಳು. ಹೇಮಾವತಿ ತೊಟ್ಟಿಲಿಗೆ ಬಗ್ಗಿ ಮಲಗಿದ್ದ ಕೂಸನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಲೋಳೆ ಮೆತ್ತಿದ ತನ್ನ ಸೆರಗನ್ನು ಬದಿಗೆ ಸರಿಸಿ ಲೋಳೆ ತಾಗದ ಕಡೆಯಿಂದ ಕೂಸಿನ ತಲೆ ಮುಚ್ಚಿದಳು.

"ಹೇಮಕ್ಕಾ, ಯಾಕ? ಎಲ್ಲಿಗೆ?"

ಹೇಮಾವತಿ ಕೂಸನ್ನು ಎದೆಗೊತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದು ಏರಿನ ಕಡೆ ನಡೆಯತೊಡಗಿದಳು. ಆಮೇಲೆ ಓಡಿದಳು. ಹಿಂದೆ ಲಲಿತಾ ಕಿರುಚಿದಳು. ತೊಟ್ಟಿಲು ಗೋಡೆಗೆ ಬಡಿದ ಸಪ್ಪಳ, ಬರಿಗಾಲು ಕೆಸರಿನಲ್ಲಿ ಬಿದ್ದ ಸಪ್ಪಳ. ನನ್ನ ಕೂಸು ಒಯ್ದಾಳ, ಹಿಡೀರಿ ಎಂದು ಲಲಿತಾ ಅಳುತ್ತ ಓಡಿ ಬರುತ್ತಿದ್ದಳು. ದ್ಯಾಮಣ್ಣ ಬಲೆ ಎಸೆದು ಬೈಯುತ್ತ ಅವಳ ಹಿಂದೆ ಓಡಿದ. ಏನಾಯಿತೆಂದು ಕೇಳುತ್ತ ಎದುರು ಮನೆಯವರು, ಅವರ ಹಿಂದೆ ಅವರ ಮಕ್ಕಳು, ಕೋಲು ಹಿಡಿದ ಒಬ್ಬ, ಸೌಟು ಹಿಡಿದ ಒಬ್ಬಳು.

ಹೇಮಾವತಿ ತಿರುಗಿ ನೋಡಲಿಲ್ಲ. ಕೂಸು ಎಚ್ಚೆತ್ತು ಅವಳ ಕಿವಿಯ ಹತ್ತಿರ ಅಳತೊಡಗಿತ್ತು. ಬದುವಿನ ಎರಡೂ ಕಡೆ ಗದ್ದೆಯಲ್ಲಿ ನೀರು ಮಿನುಗಿತು. ಎದೆ ಒಡೆಯುವ ಹಾಗೆ ಓಡುತ್ತ ಅವಳು ಹಿಂದಿನ ಬೈಗುಳ, ಕೂಗುಗಳನ್ನು ಒಂದೊಂದಾಗಿ ಕೇಳಿಸಿಕೊಂಡಳು. ದ್ಯಾಮಣ್ಣ, ಲಲಿತಾ, ಎದುರು ಮನೆಯ ಮುದುಕಿ, ಅವಳ ಮೊಮ್ಮಕ್ಕಳು, ನಾಹೀದಾ ಮೇಡಂ. ಇನ್ನೂ ಬೈಯಲಿ, ಇನ್ನೂ ಜನ ಬರಲಿ ಎಂದುಕೊಂಡಳು. ಅಪ್ಪನ ದನಿಗಾಗಿ ಕಿವಿ ನಿಮಿರಿಸಿದಳು. ಅದು ಇನ್ನೂ ಬಂದಿರಲಿಲ್ಲ.